ಧರೆಪ್ಪನಿಗೆ ಸಿಕ್ಕ ಉಂಗುರ

ಹೆಣಕ್ಕೆ ನೀರೆರೆಯುವಾಗಲೇ ಅಳಿಯ ನಿಲೇಶ ಧರೆಪ್ಪನ ಉಡದಾರಕ್ಕೆ ಕೈ ಹಾಕಿ ತಡಕಿದ. ಯಾವ ಕೀಲಿಯೂ ಇರಲಿಲ್ಲ.

"ಜೀವಾ ಹೋಗೂಮುಂದ ಮಾವಾರು ಏನರ ಹೇಳಿದ್ರೇನ್ರಿ, ಅತ್ತಿ?"

ಕಸ್ತೂರೆವ್ವ ಗಂಡನ ಒದ್ದೆ ಹಣೆ ಒರೆಸಿ ವಿಭೂತಿ ಹಚ್ಚಿದಳು.

ಅಂಗಳದ ತುಂಬ ಶಿರಗುಪ್ಪಿಯ ಮಂದಿ. "ಭಾಳ ಸಾದಾ ಮನಿಷಾ, ಪಾಪ," ಎಂದಳು ಒಬ್ಬ ಮುದುಕಿ.

"ಎಂಥಾ ಸಾದಾ ತಗೀ ಬೇ! ಕೊಡಪಾನ ಬಂಗಾರ ಮುಚ್ಚಿಟ್ಟು ಹರಕ ಅಂಗಿ ಹಾಕ್ಕೊಂಡು ತಿರಗ್ಯಾನ," ಎಂದ ಧರೆಪ್ಪನ ತಮ್ಮ ಧೂಳಪ್ಪ.

*

ಮಗಳು ಸೌಂದರ್ಯಾಳ ಮದುವೆಗೆ ಮುಂಚಿನ ವರ್ಷ, ದ್ರಾಕ್ಷಿ ತೋಟಕ್ಕೆ ಕಂಬ ನೆಡಲು ತಗ್ಗು ತೋಡುವಾಗ ಧರೆಪ್ಪನಿಗೆ ಬೆಳ್ಳಿಯ ಉಂಗುರವೊಂದು ಸಿಕ್ಕಿತ್ತು. ಮಣ್ಣು ತೊಳೆದರೆ ಪಂಜ ಎತ್ತಿದ ಸಿಂಹ, ಸುತ್ತ ಬಳ್ಳಿ, ಅಂಚಿಗೆ ಓದಲು ಬಾರದ ಹಳೆಯ ಅಕ್ಷರ. ಕಸ್ತೂರೆವ್ವ ಬೆರಳಿಗೆ ಹಾಕಿಕೊಂಡು ನೋಡಿದಳು. ಅವನು ನಕ್ಕು ತೆಗೆಸಿದ. ಮರುದಿನ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ತಹಶೀಲ್ದಾರರ ಕೈಗೆ ಕೊಟ್ಟುಬಂದ. ರಾಜರ ಕಾಲದ್ದೆಂದು ಸಾಹೇಬರು ಕೈಕುಲುಕಿದ ಫೋಟೋ ಊರವರ ಮೊಬೈಲುಗಳಲ್ಲೆಲ್ಲ ಹರಿದಾಡಿತು.

ಅಲ್ಲಿಂದಲೇ ಶುರುವಾಯಿತು. ಒಂದನ್ನು ಕೊಟ್ಟವನು ಎಷ್ಟು ಇಟ್ಟುಕೊಂಡಿರಬೇಕು ಎಂದು ಊರು ಮಾತಾಡಿತು. ಅಮಾವಾಸ್ಯೆ ಬಂದರೆ ಯಾರೋ ತೋಟ ಅಗೆದು ಹೋಗುತ್ತಿದ್ದರು. ಬೇರು ಕಡಿದು ಬಳ್ಳಿಗಳು ಒಣಗಿದವು. ಸುದ್ದಿ ಕೇಳಿದ ನಿಪ್ಪಾಣಿಯ ನಿಲೇಶ ವರದಕ್ಷಿಣೆ ಬೇಡವೆಂದು ಸೌಂದರ್ಯಾಳನ್ನು ಕಟ್ಟಿಕೊಂಡ. ಮಾವನ ಗಂಟು ಹೊರಬರದಿದ್ದಾಗ ಹೊಡೆದು ತವರಿಗೆ ಅಟ್ಟಿದ.

"ಒಂದ ಸಿಕ್ಕಿತ್ತಪಾ, ಒಂದ," ಎಂದು ಧರೆಪ್ಪ ಅಳಿಯನ ಕಾಲು ಹಿಡಿದ. ಯಾರೂ ನಂಬಲಿಲ್ಲ.

ಕಸ್ತೂರೆವ್ವನೂ ನಂಬಲಿಲ್ಲ. ನಿನ್ನೆ ಸಾವಿನ ಹಾಸಿಗೆಯಲ್ಲಿ ಅವನು ನೀರು ಕೇಳಿದಾಗ ಅವಳು ತಂಬಿಗೆ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು.

"ಮೊದಲ ಹೇಳ್ರಿ. ಮಗಳ ಬಾಳೇ ಹಾಳಾತು. ಉಳದದ್ದು ಎಲ್ಲಿ ಇಟ್ಟೀರಿ?"

"ನೀರು..."

"ಹೇಳ್ರಿ, ಕೊಡ್ತೀನಿ."

ಅವನು ಅವಳ ಮುಖವನ್ನೇ ನೋಡಿದ. ಮತ್ತೆ ಕೇಳಲಿಲ್ಲ.

*

ಮಣ್ಣು ಕೊಟ್ಟು ಬಂದವರು ದೀಪ ನೋಡಿ ಹೋಗಲು ಬಾಗಿಲಲ್ಲಿ ನಿಂತರು. ಧರೆಪ್ಪ ಜೀವ ಬಿಟ್ಟ ನಡುಮನೆಯ ಮೂಲೆಯಲ್ಲಿ ದೀಪ ಇಡಬೇಕು. ಸೌಂದರ್ಯಾ ಹಣತೆ ಹಚ್ಚಿ ತಾಯಿಯ ಕೈಗೆ ಕೊಟ್ಟಳು.

ಹೊಸ್ತಿಲು ದಾಟಿದ ಕಸ್ತೂರೆವ್ವ ಅಲ್ಲೇ ನಿಂತಳು. ಆ ಮೂಲೆಯ ನೆಲಕ್ಕೆ ಹಾಸಿದ್ದ ಫರಸಿಗಲ್ಲುಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಸೊಂಟನೋವೆಂದು ಮಣ್ಣಿಗೆ ಬಾರದೆ ಉಳಿದಿದ್ದ ನಿಲೇಶ, ತನ್ನೂರಿನ ಇಬ್ಬರೊಂದಿಗೆ ತೊಡೆಮಟ್ಟದ ತಗ್ಗಿನಲ್ಲಿ ನಿಂತಿದ್ದ.

"ನಮ್ಮಪ್ಪ ಮಲಗಿದ್ದ ಜಾಗಾರೀ ಅದು!" ಸೌಂದರ್ಯಾ ಚೀರಿದಳು.

"ಏನರ ಸಿಕ್ತೇನ?" ಹಿಂದಿನಿಂದ ಧೂಳಪ್ಪ ಕೇಳಿದ.

ನಿಲೇಶ ಬೆವರು ಒರೆಸಿಕೊಂಡ. "ದೀಪಾ ಇತ್ತಾಗ ತರ್ರಿ, ಅತ್ತಿ. ಕತ್ತಲಾಗ ಏನೂ ಕಾಣವಲ್ದು."

ಬಾಗಿಲಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ಕಸ್ತೂರೆವ್ವ ತಗ್ಗಿನ ಅಂಚಿಗೆ ಮೊಣಕಾಲೂರಿದಳು. ಗಾಳಿಗೆ ಸೆರಗು ಮರೆಮಾಡಿ, ದೀಪವನ್ನು ಮೆಲ್ಲಗೆ ಒಳಗಿಳಿಸಿ, ತಾನೂ ಬಗ್ಗಿ ನೋಡಿದಳು.