ಎಗ್ಬರ್ಟ್ ಮಾವ ಊದಿದ ಶಂಖ

ಬ್ರೆಡ್‌ನಟ್ ಗುಡ್ಡಕ್ಕೆ ಜೀಪು ಹತ್ತುವ ಸದ್ದು ಕೇಳಿದರೆ ಸಾಕು, ಎಗ್ಬರ್ಟನ ಕೈ ತಾನಾಗಿ ಶಂಖಕ್ಕೆ ಹೋಗುತ್ತಿತ್ತು. ಅಪ್ಪ ಬಿಟ್ಟುಹೋದ ಶಂಖ ಅದು. ಗಾಂಜಾ ಬೆಳೆದವರನ್ನು ಜೈಲಿಗೆ ತಳ್ಳುತ್ತಿದ್ದ ಕಾಲದಲ್ಲಿ ಪೊಲೀಸರ ಜೀಪು ಕಂಡು ಅಪ್ಪ ಅದನ್ನು ಊದಿದರೆ ಇಡೀ ಗುಡ್ಡ ಕಾಡು ಸೇರುತ್ತಿತ್ತು. ಅಲ್ಲೇ ಒಂದೇ ಪಾತ್ರೆಯಲ್ಲಿ ಗೆಣಸು, ಉಪ್ಪುಮೀನು ಬೇಯಿಸಿ ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದರು. ಕಷ್ಟದ ದಿನಗಳೇ, ಆದರೂ ಎಗ್ಬರ್ಟ್ ಈಗಲೂ ಅವನ್ನು ನೆನೆಯುತ್ತಾನೆ.

ಈಗ ಕಾನೂನು ಬದಲಾಗಿದೆ. ಪರವಾನಗಿ ಪಡೆದು ಔಷಧಿಗೆಂದು ಬೆಳೆಯಬಹುದು, ತೆರಿಗೆ ಕಟ್ಟಿ ರಾಜಾರೋಷವಾಗಿ ಮಾರಬಹುದು. ಗುಡ್ಡದವರ ಸಂಘವೂ ಅರ್ಜಿ ಹಾಕಿತ್ತು. ಹೋದ ಮಂಗಳವಾರ ರಾಜಧಾನಿ ಕಿಂಗ್‌ಸ್ಟನ್ನಿನಿಂದ ಅಧಿಕಾರಿ ತೋಟ ನೋಡಲು ಬಂದಳು. ಜೀಪು ಕಂಡದ್ದೇ ತಡ, ಎಗ್ಬರ್ಟ್ ಶಂಖ ಊದಿಬಿಟ್ಟ. ಅರ್ಜಿ ಹಾಕಿದವರೇ ದಿಕ್ಕಾಪಾಲಾಗಿ ಓಡಿದರು. ಆಕೆ ಖಾಲಿ ಅಂಗಳದಲ್ಲಿ ಕೋಳಿಗಳ ಜೊತೆ ಒಂದು ಗಂಟೆ ಕಾದು ವಾಪಸ್ ಹೋದಳು.

ಮರುದಿನ ಸಂಘದ ಕಾರ್ಯದರ್ಶಿ ಪರ್ಲೀನ್ ಬಂದಳು. ಎಗ್ಬರ್ಟನ ಹೆಂಡತಿ ಐಸಿಲ್ಡಾಳ ಅಣ್ಣನ ಮಗಳು ಅವಳು.

"ಏನ್ ಮಾವ, ಪರವಾನಗಿ ಕೊಡೋಕೆ ಬಂದೋಳನ್ನೇ ಓಡಿಸಿಬಿಟ್ರಲ್ಲ."

"ನಾನೆಲ್ಲಿ ಓಡಿಸ್ದೆ? ಓಡಿದ್ದು ನಾವು."

"ಎಪ್ಪತ್ತರ ಮುದುಕ, ಬೇಲಿ ಹಾರಿದ್ದು ನೋಡ್ಬೇಕಿತ್ತು ನೀನು," ಎಂದಳು ಐಸಿಲ್ಡಾ ಕುರ್ಚಿಯಲ್ಲಿ ಕೂತೇ.

"ಬರೋ ಮಂಗಳವಾರ ಇನ್ನೊಂದ್ಸಲ ಬರ್ತಾಳಂತೆ. ಆಗ್ಲೂ ಓಡಿದ್ರೆ ಅರ್ಜಿ ವಜಾ."

"ಆಗ್ಲಿ ಬಿಡು. ಅಪ್ಪನ್ನ ಜೈಲಿಗೆ ಹಾಕಿದೋರಿಗೆ ನಾನು ತೆರಿಗೆ ಬೇರೆ ಕಟ್ಬೇಕಾ? ಆಗ ಮಾಲಿಗೆ ಎಂಥಾ ಬೆಲೆ ಇತ್ತು."

"ಈಗ ಅಷ್ಟಿಲ್ಲ, ಸುಳ್ಯಾಕೆ ಹೇಳ್ಲಿ. ಎಲ್ರೂ ಬೆಳೀತಾರೆ, ಬೆಲೆ ಇಳಿದಿದೆ. ಆದ್ರೆ ಕದ್ದು ಕೊಳ್ಳೋನು ತೂಕದಲ್ಲಿ ಮೋಸ ಮಾಡಿದ್ರೆ ಯಾರಿಗೆ ದೂರು ಕೊಡ್ತೀರ? ಪೊಲೀಸರಿಗಾ?"

ಎಗ್ಬರ್ಟ್ ಶಂಖ ಒರೆಸತೊಡಗಿದ. ಪರ್ಲೀನ್ ಬಿಡಲಿಲ್ಲ.

"ರಸ್ತೆ ಕೇಳೋಕೆ ಹೋದಾಗ ಕಚೇರೀಲಿ ಏನಂದ್ರು ಗೊತ್ತಾ? ನಿಮ್ಮ ಗುಡ್ಡದಿಂದ ಸರ್ಕಾರಕ್ಕೆ ಇದುವರೆಗೆ ಏನು ತೆರಿಗೆ ಬಂದಿದೆ ಅಂದ್ರು. ನನಗೆ ಬಾಯೇ ಬರ್ಲಿಲ್ಲ ಮಾವ. ತೆರಿಗೆ ಕಟ್ಟಿದ ತಕ್ಷಣ ರಸ್ತೆ ಆಗಲ್ಲ. ಕೇಳೋಕೆ ಬಾಯಂತೂ ಬರುತ್ತೆ."

ಎಗ್ಬರ್ಟ್ ಹೆಂಡತಿಯ ಕುರ್ಚಿ ನೋಡಿದ. ಅದಕ್ಕೆ ಎರಡು ಬಿದಿರು ಕಟ್ಟಿತ್ತು. ಸಕ್ಕರೆ ಕಾಯಿಲೆಯಿಂದ ಅವಳ ಕಾಲಿನ ಹುಣ್ಣು ಮಾಯುತ್ತಿಲ್ಲ. ಆಂಬುಲೆನ್ಸ್ ಈ ದಾರಿ ಹತ್ತುವುದಿಲ್ಲವಾದ್ದರಿಂದ ಪ್ರತಿ ಶುಕ್ರವಾರ ನಾಲ್ಕು ಜನ ಅವಳನ್ನು ಹೊತ್ತು ಕೆಳಗಿನ ಆಸ್ಪತ್ರೆಗೆ ಇಳಿಸುತ್ತಾರೆ. ಹೋದ ಶುಕ್ರವಾರ ಒಬ್ಬ ಜಾರಿದ್ದ. ಕಾಲು ಉಳಿಯುತ್ತೋ ಇಲ್ಲವೋ ಎಂಬ ಭಯ ಎಗ್ಬರ್ಟನನ್ನು ಅಂದಿನಿಂದ ತಿನ್ನುತ್ತಿತ್ತು.

"ನಿಮ್ಮಪ್ಪ ಶಂಖ ಊದಿದ್ದು ಓಡೋಕಲ್ಲ ಕಣ್ರೀ," ಎಂದಳು ಐಸಿಲ್ಡಾ. "ಗುಡ್ಡದೋರು ಉಳೀಲಿ ಅಂತ."

ಎಗ್ಬರ್ಟ್ ಅವತ್ತೇ ಎದ್ದು ಮನೆಮನೆಗೆ ಹೋಗಿ ಹೇಳಿ ಬಂದ: ಈ ಸಲ ಶಂಖ ಕೇಳಿದರೆ ಕಾಡಿಗೆ ಓಡದೆ ನಮ್ಮ ಅಂಗಳಕ್ಕೆ ಇಳಿದು ಬನ್ನಿ.

ಮಂಗಳವಾರ ಜೀಪು ಬಂತು. ಶಂಖ ಮೊಳಗಿತು. ಒಬ್ಬೊಬ್ಬರೇ ಅಳುಕುತ್ತ ಅಂಗಳಕ್ಕೆ ಬಂದರು. ಅಧಿಕಾರಿ ಪುಸ್ತಕ ಬಿಚ್ಚಿ ಹೆಸರು ಕೇಳಿದಳು. ಜೀಪಿನಲ್ಲಿ ಬಂದವರಿಗೆ ಆ ಗುಡ್ಡದಲ್ಲಿ ಯಾರೂ ನಿಜವಾದ ಹೆಸರು ಹೇಳಿದ್ದೇ ಇಲ್ಲ.

"ಎಗ್ಬರ್ಟ್ ನಥಾನಿಯಲ್ ಪಾಮರ್," ಎಂದ ಆತ. "ತಂದೆ ಹೆಸರೂ ಬರ್ಕೊಳ್ಳಮ್ಮ. ಬೆಳೆಯೋದು ಕಲಿಸಿದ್ದು ಅವರೇ."

ಗುಡ್ಡದ ಬಂಧುಗಳೇ, ಇನ್ನು ಓಡಬೇಡಿ. ಸಂಘ ಸೇರಿ, ಹೆಸರು ಬರೆಸಿ, ಬೆಳೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ತೆರಿಗೆಯ ರಸೀದಿ ಹಿಡಿದು ಕಚೇರಿಗೆ ಹೋಗಿ ರಸ್ತೆ ಕೇಳಿ. ಬೇಗ ಕೇಳಿ, ಐಸಿಲ್ಡಾ ಇನ್ನೂ ಹೆಗಲ ಮೇಲೇ ಗುಡ್ಡ ಇಳಿಯುತ್ತಿದ್ದಾಳೆ.