ಯಾರು ಬೇಕಾದರೂ ಒಯ್ಯಬಹುದಾದ ಗಂಟಲು

೧
ಎಲ್ಲಿಂದ ಶುರು ಮಾಡುವುದು? ಸ್ಪೀಕರ್ ಎಂಬ ಅಡ್ಡಹೆಸರಿನವನು ಕಂಪ್ಯೂಟರಿನಲ್ಲಿ ‘ಹೌದು’ ಒತ್ತಿದಲ್ಲಿಂದ ಶುರು ಮಾಡಿದರೆ ನಿಮಗೆ ಸಿಟ್ಟು ಬರುತ್ತದೆ. ಅವನ ಚಿಕ್ಕಪ್ಪನ ಗಂಟಲಿನ ಆಪರೇಷನ್ನಿನಿಂದ ಶುರು ಮಾಡಿದರೆ ಕಣ್ಣೀರು. ಎರಡೂ ಅಗ್ಗದ ಸರಕು. (ನನ್ನ ಹತ್ತಿರ ಇರುವುದೂ ಆ ಎರಡೇ. ಬಿಗುಮಾನಕ್ಕೇನು ಕಡಿಮೆಯಿಲ್ಲ.)

ವೆಬ್‌ಸೈಟಿನಿಂದಲೇ ಹೊರಡೋಣ. ಅದರ ಮೇಲೆ ಯಾರಿಗೂ ಮಮತೆಯಿಲ್ಲ.

೨
ಮೂರು ಊರು, ಮೂರು ಸೈಟು. ಜನ ತಾವು ಹಾಡಿದ್ದು, ಬಾರಿಸಿದ್ದು ತಂದು ಹಾಕುತ್ತಾರೆ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಮತ್ತೆ ಹಂಚಬಹುದು. ಯಾರಪ್ಪನ ಅಪ್ಪಣೆಯೂ ಬೇಡ. ಆದರೆ ಒಂದು ಸೈಟಿನ ಹಾಡು ಇನ್ನೊಂದರಲ್ಲಿ ಹುಡುಕಿದರೆ ಸಿಗದು. ಮೂರನ್ನೂ ಜೋಡಿಸುತ್ತೇನೆ ಎಂದು ತೊಡೆ ತಟ್ಟಿದವನು ಸ್ಪೀಕರ್. ಕೆಟ್ಟ ಸ್ಪೀಕರುಗಳ ರಿಪೇರಿ ಅವನ ಕಸುಬು. ದನಿಯೂ ಅದಕ್ಕೆ ತಕ್ಕ ಹಾಗೆ.

ಅವನ ಊರಿನ ಸೈಟಿನಲ್ಲಿದ್ದ ಅರ್ಧ ಹಾಡು ಚಿಕ್ಕಪ್ಪನವು. ಚಿಕ್ಕಪ್ಪನದು ಅವನ ರಿಪೇರಿ ಅಂಗಡಿಯ ಪಕ್ಕದಲ್ಲೇ ಇಸ್ತ್ರಿ ಅಂಗಡಿ. ದಿನವಿಡೀ ಒಂದೇ ಧಾಟಿ. ಮೇಜಿನ ಮೇಲೆ ಬಂದ ಬಟ್ಟೆ ನೋಡಿ ಮಾತು ಮಾತ್ರ ಬದಲು. ಗುಂಡಿ ಕಿತ್ತ ಅಂಗಿಯ ಕಂಡಕ್ಟರಿಗೊಂದು, ಜೇಬಿನಲ್ಲಿ ಮಾತ್ರೆ ಮರೆತ ಡಾಕ್ಟರಿಗೊಂದು. ಸಾಲು ಮುಗಿದಾಗ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿಗೆ ಧಡ್ ಎಂದು ಕುಕ್ಕುವುದು. ಬೈಸಿಕೊಂಡ ಗಿರಾಕಿಗಳೇ ನಕ್ಕು ಇನ್ನೊಂದು ಅಂಗಿ ತರುತ್ತಿದ್ದರು. ಸ್ಪೀಕರ್ ಎಲ್ಲವನ್ನೂ ಫೋನಿನಲ್ಲಿ ಹಿಡಿದು ಸೈಟಿಗೆ ಹಾಕಿದ್ದ.

ಆಮೇಲೆ ಗಂಟಲಿನಲ್ಲಿ ಗೆಡ್ಡೆ. ಜೀವ ಉಳಿಯಿತು, ದನಿ ಹೋಯಿತು. ಈಗ ತುಟಿ ಆಡುತ್ತದೆ, ಗಾಳಿ ಬರುತ್ತದೆ. ಅದನ್ನು ಓದಬಲ್ಲವಳು ಚಿಕ್ಕಮ್ಮ ಒಬ್ಬಳೇ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಚಿಕ್ಕಪ್ಪ ಸೈಟಿನಲ್ಲಿದ್ದ ತಮ್ಮ ಹಾಡುಗಳನ್ನು ತಾವೇ ಹಾಕಿಕೊಂಡು ಕೇಳುತ್ತಿದ್ದರು. ಅವರಿಗೆ ಉಳಿದಿದ್ದ ಮಾತು ಅಷ್ಟೇ.

೩
ಜೋಡಿಸುವ ಮೊದಲು ಕಸ ಗುಡಿಸಬೇಕಿತ್ತು. ಎರಡೆರಡು ಸಲ ಇರುವ ಹಾಡುಗಳನ್ನು ಹುಡುಕಲು ಸ್ಪೀಕರ್ ಒಂದು ಪ್ರೋಗ್ರಾಂ ಕಟ್ಟಿದ. ಧಾಟಿ ಒಂದೇ ಆದರೆ ಹಾಡೂ ಒಂದೇ ಎಂದು ಅದಕ್ಕೆ ಕಲಿಸಿದ. ಆ ಇಸ್ತ್ರಿ ಮೇಜಿನ ಕೆಳಗೆ ಆಡಿ ಬೆಳೆದವನು! ‘ಸ್ವಚ್ಛವಾದದ್ದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಲೇ?’ ಎಂದು ಅದು ಕೇಳಿತು. ಒತ್ತಿದ: ಹೌದು.

ಚಿಕ್ಕಪ್ಪನ ಹಾಡುಗಳಲ್ಲಿ ಉಳಿದದ್ದು ಒಂದು. ಫೋನು ಕೆಲಸ ಮಾಡುತ್ತದೆಯೋ ಎಂದು ಮೊದಲ ದಿನ ಪರೀಕ್ಷೆಗೆ ಹಿಡಿದದ್ದು. ಅದರಲ್ಲಿ ಗಿರಾಕಿ ಇಲ್ಲ, ಪೆಟ್ಟಿಗೆಯ ಸದ್ದಿಲ್ಲ, ಮಾತೂ ಇಲ್ಲ, ಬರೀ ಗುನುಗು. ಬಹಳ ಸ್ವಚ್ಛ. ಆ ಫೋನೋ, ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು.

೪ (ರದ್ದಾದ ಕರಡು)
ಸ್ಪೀಕರ್ ಓಡಿಹೋಗಿ ಚಿಕ್ಕಪ್ಪನ ಕಾಲು ಹಿಡಿದು

“ನಾನು ಯಾವತ್ತು ಯಾರ ಕಾಲು ಹಿಡಿದಿದೀನಿ? ತೆಗೀರಿ ಅದನ್ನ,” ಎಂದ ಸ್ಪೀಕರ್.

ತೆಗೆದೆ.

೪
ಅವನು ಮಾಡಿದ್ದು ಇಷ್ಟು: ಸ್ಟೂಲಿಗೆ ಒದ್ದ. ಹೆಬ್ಬೆರಳು ಊದಿತು. ಕುಂಟುತ್ತ ಪಕ್ಕದಂಗಡಿಗೆ ಹೋಗಿ, ಆದದ್ದನ್ನು ಗೋಡೆಗೆ ಹೇಳುವವನಂತೆ ಹೇಳಿದ.

“ಒಂದೂ ಇಲ್ವೇನೋ?” ಎಂದಳು ಚಿಕ್ಕಮ್ಮ.

“ಒಂದಿದೆ. ಬರೀ ಹೂಂ ಹೂಂ ಅನ್ನೋದು.”

ಚಿಕ್ಕಪ್ಪನ ತುಟಿಗಳು ಬಹಳ ಹೊತ್ತು ಆಡಿದವು.

“ಏನಂತೆ?”

“ಬೈತಿದಾರೆ. ಪೂರ್ತಿ ಹೇಳೋಕಾಗಲ್ಲ, ಗಿರಾಕಿ ನಿಂತಿದಾರೆ.”

(ಇಲ್ಲಿ ಚಿಕ್ಕಪ್ಪ ಅಳುವಂತೆ ಮಾಡಬೇಕೆಂದು ನನಗಿತ್ತು. ಅವರು ಡಾಕ್ಟರ ಕೋಟು ಮಡಿಸತೊಡಗಿದರು.)

೫
ಯಾರು ಬೇಕಾದರೂ ಒಯ್ಯಬಹುದಾಗಿದ್ದರೆ ಯಾರಾದರೂ ಒಯ್ದಿರಬೇಕಲ್ಲ? ಸ್ಪೀಕರ್ ಮೂರೂ ಸೈಟುಗಳಲ್ಲಿ ತನ್ನ ಘನಕಾರ್ಯವನ್ನು ಮುಚ್ಚುಮರೆಯಿಲ್ಲದೆ ಬರೆದು, ಒಯ್ದವರು ದಯವಿಟ್ಟು ವಾಪಸು ಕಳಿಸಿ ಎಂದು ಕೇಳಿದ.

ಬಂದವು. ಒಂದರ ಕೆಳಗೆ ಯಾರೋ ಡ್ರಮ್ಮು ಸೇರಿಸಿದ್ದರು. ಇನ್ನೊಂದನ್ನು ವ್ಯಾಯಾಮದ ತರಗತಿಗೆಂದು ಓಡಿಸಿ ಓಡಿಸಿ ಚಿಕ್ಕಪ್ಪನ ದನಿ ಇಲಿಯದಾಗಿತ್ತು. ಒಬ್ಬಳು ಕಂಡಕ್ಟರನ್ನು ಕತ್ತರಿಸಿ ಆ ಜಾಗದಲ್ಲಿ ತನ್ನ ಮನೆ ಮಾಲೀಕನನ್ನು ಕೂರಿಸಿದ್ದಳು. ಸ್ಪೀಕರಿಗೆ ಮೈಯೆಲ್ಲ ಉರಿಯಿತು. ಬೈಯುವಂತಿಲ್ಲ, ತಿದ್ದಬಹುದು ಎಂದು ಒಪ್ಪಿಗೆ ಕೊಟ್ಟವನು ಅವನೇ.

ಚಿಕ್ಕಪ್ಪ ಮಾತ್ರ ಒಂದೊಂದನ್ನೂ ತಲೆಯಾಡಿಸಿ ಕೇಳಿದರು. ಇಲಿಯನ್ನೂ.

೬
ಆಮೇಲೆ ಬಂದದ್ದು ಕನ್ನಡಕ ಕಳೆದುಕೊಂಡ ದರ್ಜಿಯ ಹಾಡು. ಅದೇ ಧಾಟಿ, ಅದೇ ಕೀಟಲೆ, ಹೆಚ್ಚುಕಡಿಮೆ ಅದೇ ದನಿ. ಆದರೆ ಅದನ್ನು ಹಿಡಿದ ನೆನಪು ಸ್ಪೀಕರಿಗಿಲ್ಲ. ಧಡ್ ಎನ್ನುವುದು ಪೆಟ್ಟಿಗೆಯಲ್ಲ, ಅಂಗೈ. ಯಾರೋ ಅಪರಿಚಿತ ಚಿಕ್ಕಪ್ಪನ ಜಾಡು ಹಿಡಿದು ತಾನೇ ಕಟ್ಟಿ ಹಾಡಿದ್ದ.

ಚಿಕ್ಕಪ್ಪನ ತುಟಿ ಆಡಿತು. ಚಿಕ್ಕಮ್ಮ ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟಳು.

“ನಂದೇ ಅಂತಿದಾರೆ.”

“ಅಲ್ಲ ಚಿಕ್ಕಮ್ಮ, ಇದು ಬೇರೆ ಯಾರೋ.”

“ನಂಗೆ ಗೊತ್ತಾಗಲ್ವೇನೋ? ಇವರ ಗೊರಕೇನೂ ಗುರುತು ಹಿಡೀತೀನಿ. ಅವರು ಹೇಳಿದ್ದು ಹೇಳ್ದೆ.”

೭ (ಬೇಕಾದ್ದು ಆರಿಸಿಕೊಳ್ಳಿ)
ಅ. ಸೈಟಿನ ‘ಹಾಡಿದವರು’ ಎಂಬ ಜಾಗದಲ್ಲಿ ಸ್ಪೀಕರ್ ನಿಜವನ್ನೇ ಬರೆಯುತ್ತಾನೆ: ಗೊತ್ತಿಲ್ಲ. ಚಿಕ್ಕಪ್ಪ ಅವನ ಜೊತೆ ಮಾತು ಬಿಡುತ್ತಾರೆ. (ಗೊತ್ತಾಗುವುದು ಹೇಗೆ ಎಂದು ಕೇಳಬೇಡಿ. ಗೊತ್ತಾಗುತ್ತದೆ.)

ಆ. ಚಿಕ್ಕಪ್ಪನದೆಂದೇ ಬರೆಯುತ್ತಾನೆ. ಹಾಡಿದ ಪುಣ್ಯಾತ್ಮ ಎಲ್ಲಿಂದಲೋ ಜಗಳಕ್ಕೆ ಬರುತ್ತಾನೆ.

ಇ. ಬಂದವನು ಜಗಳ ಮರೆತು ಅಂಗಡಿಯಲ್ಲೇ ಕೂತು ಹಾಡುತ್ತಾನೆ. ನನಗೆ ಇದು ಹಿಡಿಸಿತ್ತು. ಚಿಕ್ಕಮ್ಮನಿಗೆ ಹಿಡಿಸಲಿಲ್ಲ: “ಕೂರೋಕೆ ಜಾಗ ಎಲ್ಲಿದೆ? ನೀವೇನು ಅಂಗಡಿ ನೋಡಿ ಬರೀತಿದೀರೋ, ಇಲ್ಲಾ ಸುಮ್ನೆ ಬರೀತಿದೀರೋ?”

ಅದು ನಿಮ್ಮದೇ ಎಂದು ನಿಜವಾಗಿ ನಂಬಿದ್ದೀರಾ ಎಂದು ನಾನು ಚಿಕ್ಕಪ್ಪನನ್ನೇ ಕೇಳಿದೆ. ತುಟಿ ಆಡಿತು. ಚಿಕ್ಕಮ್ಮನ ಮುಖ ನೋಡಿದೆ. ಅವಳು ಅಂಗಿಗೆ ನೀರು ಚಿಮುಕಿಸುತ್ತಿದ್ದಳು.

೮
ಬೆಳಿಗ್ಗೆ ಇನ್ನೊಂದು ಬಂದಿದೆ. ಅದೇ ಅಂಗೈ. ಈ ಸಲದ ಹಾಡು, ತನ್ನ ಚಿಕ್ಕಪ್ಪನ ಬಾಯನ್ನು ಒರೆಸಿ ಸ್ವಚ್ಛ ಮಾಡಿದ ಒಬ್ಬ ರಿಪೇರಿಯವನ ಮೇಲೆ. ಸ್ಪೀಕರ್ ಹಾಕಿದ ಕೋರಿಕೆಯನ್ನು ಓದಿ ಕಟ್ಟಿದ್ದು. ಅಂದರೆ, ದನಿ ಹೋದ ಮೇಲೆ ಹುಟ್ಟಿದ್ದು, ಚಿಕ್ಕಪ್ಪ ಹಾಡಿರಲು ಸಾಧ್ಯವೇ ಇಲ್ಲದ್ದು. ಬೈಗುಳ ಒಂದಕ್ಕಿಂತ ಒಂದು ಚೆನ್ನಾಗಿವೆ.

ಚಿಕ್ಕಪ್ಪ ಪೆಟ್ಟಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಪೂರ್ತಿ ಕೇಳಿದರು. ಸ್ಪೀಕರಿನ ಕಡೆ ಬೆರಳು ಮಾಡಿ ಏನೋ ಅಂದರು.

“ಇದಂತೂ ನಂದೇ, ಅಂತಿದಾರೆ,” ಎಂದಳು ಚಿಕ್ಕಮ್ಮ. “ಅವತ್ತು ಬೈದಿದ್ದು ಇದನ್ನೇ ಅಂತೆ.”

“ಹೌದಾ ಚಿಕ್ಕಮ್ಮ?”

“ಹೆಚ್ಚುಕಡಿಮೆ.”

‘ಹಾಡಿದವರು’ ಎಂಬ ಜಾಗ ಖಾಲಿಯಿದೆ. ಸ್ಪೀಕರ್ ಎರಡಕ್ಷರ ಒತ್ತಿ ಅಳಿಸಿದ. ಮತ್ತೆ ಒತ್ತಿದ. ನಾನು ಬಗ್ಗಿ ನೋಡಹೋದರೆ ಸ್ಕ್ರೀನನ್ನು ಆ ಕಡೆ ತಿರುಗಿಸಿಕೊಂಡ. “ನಿಮಗ್ಯಾಕೆ?” ಎಂದ.