ಹರವು ಎರಡೇ ಎರಡು

ಸಂಜೆ ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ಅತ್ತಿಗೆ ಎರಡು ಸಲ ಓದಿದಳು. ಎರಡು ಸಲ ಓದಿದರೂ ಅರ್ಥವಾದದ್ದು ಒಂದೇ ಮಾತು: ನಕಲು.

‘ಲೆಕ್ಕಪತ್ರ ತರಗತಿಯ ಸರಾಸರಿ ಅರವತ್ತೆರಡು, ಸ್ಟ್ಯಾಂಡರ್ಡ್ ಡೀವಿಯೇಶನ್ ಕೇವಲ ಎರಡು. ಇದು ಸಾಮೂಹಿಕ ನಕಲಿನ ಲಕ್ಷಣ. ಫಲಿತಾಂಶ ತಡೆಹಿಡಿಯಲಾಗಿದೆ.’ ಕೆಳಗೆ ಪರೀಕ್ಷಾಧಿಕಾರಿಯ ಸಹಿ.

ಅವಳು ಇಡೀ ಕ್ಲಾಸಿಗೇ ಅತ್ತಿಗೆ. ಕಾರಣ, ಅವಳ ಸ್ವಂತ ಮೈದುನ ಅದೇ ಕ್ಲಾಸಿನಲ್ಲಿ ಮುಂದಿನ ಬೆಂಚಿನವನು. ಅವನು ‘ಅತ್ತಿಗೆ, ಅತ್ತಿಗೆ’ ಅಂತ ಕರೆದೂ ಕರೆದೂ ಉಳಿದ ಒಂಬತ್ತು ಜನಕ್ಕೂ ಅದೇ ಬಾಯಿಗೆ ಬಂದುಬಿಟ್ಟಿತ್ತು. ಹಗಲೆಲ್ಲ ಅವಳು ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತಾಳೆ. ಮಗಳು ಹುಟ್ಟುವ ಮೊದಲಿಂದಲೂ ಅದೇ ಕೆಲಸ, ಅದೇ ಬಿಸಿ ಗಾಳಿ, ನಿಂತೂ ನಿಂತೂ ಮೊಣಕಾಲು ಹೋಗಿವೆ. ಅಲ್ಲಿನ ಲೆಕ್ಕದ ಕೋಣೆಯಲ್ಲಿ ಒಂದು ಜಾಗ ಖಾಲಿಯಾಗಿದೆ. “ಸರ್ಟಿಫಿಕೇಟ್ ತಗೊಂಡು ಬಾರಮ್ಮ, ನಿನಗೇ ಕೊಡ್ತೀನಿ. ತಿಂಗಳೊಳಗೆ ಬರದಿದ್ರೆ ಬೇರೆಯವರನ್ನ ನೋಡ್ಕೋತೀನಿ” ಅಂದಿದ್ದಾನೆ ಮ್ಯಾನೇಜರ್. ಈಗ ನೋಡಿದರೆ ಬಾಗಿಲ ಮೇಲೆ ಈ ಶನಿ!

ಹನ್ನೊಂದು ಜನವೂ ಅಧಿಕಾರಿಯ ಕೋಣೆಗೆ ನುಗ್ಗಿದರು. ಆತ ಕನ್ನಡಕ ಒರೆಸಿಕೊಳ್ಳುತ್ತ, “ಬೇರೆ ಕ್ಲಾಸುಗಳಲ್ಲಿ ಹತ್ತು, ಹನ್ನೆರಡು ಬರುತ್ತೆ. ನಿಮ್ಮದು ಎರಡು. ಎಲ್ಲರೂ ಕೊನೇ ಪ್ರಶ್ನೆ ಬಿಟ್ಟಿದ್ದೀರಿ. ಇನ್ನೇನು ಸಾಕ್ಷಿ ಬೇಕು?” ಅಂದ.

“ಮೇಷ್ಟ್ರು ಕಾಲು ಮುರ್ಕೊಂಡು ಕೊನೇ ಪಾಠ ಮಾಡ್ಲೇ ಇಲ್ಲ ಸರ್. ಗೊತ್ತಿಲ್ಲದ್ದನ್ನ ಎಲ್ಲರೂ ಬಿಟ್ವಿ. ಗೊತ್ತಿದ್ದದ್ದನ್ನ ಒಟ್ಟಿಗೆ ಕೂತು ಓದಿದ್ವಿ. ಒಬ್ಬರಿಗೆ ಬರ್ಲಿಲ್ಲ ಅಂದ್ರೆ ಬರೋ ತನಕ ಯಾರೂ ಮನೆಗೆ ಹೋಗ್ತಿರ್ಲಿಲ್ಲ” ಅಂದಳು ಅತ್ತಿಗೆ.

ಆ ‘ಒಬ್ಬರು’ ಹೆಚ್ಚಿನ ದಿನ ತಾನೇ ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ ಆತ. “ಮರುಪರೀಕ್ಷೆ ಇಡ್ತೀನಿ. ಪ್ರಶ್ನೆ ನಾನೇ ಹಾಕ್ತೀನಿ, ನಾನೇ ಕೂತು ಕಾಯ್ತೀನಿ. ಆಗಲೂ ಹೀಗೇ ಬಂದ್ರೆ ನಿಮ್ಮ ಗತಿ ನಿಮಗೆ” ಅಂದುಬಿಟ್ಟ.

ತಮಾಷೆ ಏನು ಗೊತ್ತೇ? ಅವರ ಕುತ್ತಿಗೆಗೆ ಬಂದ ಆ ಸ್ಟ್ಯಾಂಡರ್ಡ್ ಡೀವಿಯೇಶನ್ನೇ ಆ ಕಲಿಯದ ಕೊನೇ ಪಾಠ. ತಮ್ಮ ಮೇಲಿನ ಆರೋಪ ಏನು ಅಂತ ತಿಳಿಯಬೇಕಾದರೂ ಆ ಪಾಠ ಕಲಿಯಲೇಬೇಕು.

ಸೀದಾ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದಲ್ಲಿ ಮಲಗಿದ್ದರು. ವಿಷಯ ಕೇಳಿ ಸಿಟ್ಟಿನಲ್ಲಿ ಏಳಲು ಹೋಗಿ “ಅಯ್ಯಯ್ಯಪ್ಪಾ!” ಅಂತ ಮತ್ತೆ ಒರಗಿದರು. ಆಮೇಲೆ ಮಲಗಿದಲ್ಲಿಂದಲೇ ಪಾಠ ಶುರುಮಾಡಿದರು.

“ಸರಾಸರಿಯಿಂದ ಒಬ್ಬೊಬ್ಬರ ಅಂಕ ಎಷ್ಟು ದೂರ ಇದೆ ನೋಡಿ. ಅದು ಡೀವಿಯೇಶನ್. ಆ ದೂರವನ್ನ ಅದರಿಂದಲೇ ಗುಣಿಸಿ. ಎಲ್ಲರದೂ ಕೂಡಿಸಿ, ಎಷ್ಟು ಜನ ಇದ್ದೀರೋ ಅಷ್ಟರಿಂದ ಭಾಗಿಸಿ. ಬಂದದ್ದು ವೇರಿಯನ್ಸ್. ಅದರ ವರ್ಗಮೂಲ ತೆಗೆದ್ರೆ ಸ್ಟ್ಯಾಂಡರ್ಡ್ ಡೀವಿಯೇಶನ್. ನಿಮ್ಮ ವೇರಿಯನ್ಸ್ ನಾಲ್ಕು, ಅದರ ಮೂಲ ಎರಡು. ಅಂದ್ರೆ ನಿಮ್ಮ ಅಂಕಗಳ ಹರವು ಇಷ್ಟೇ ಇಷ್ಟು.”

ಅತ್ತಿಗೆ ಪೆನ್ನು ಎತ್ತಿದಳು. “ಮೇಷ್ಟ್ರೇ, ಈ ವೇರಿಯನ್ಸು ಅನುಕೂಲದ್ದೋ ಪ್ರತಿಕೂಲದ್ದೋ?”

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಅವಳ ಮುಖ ಕೆಂಪಾಯಿತು. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ? ವರ್ಷವಿಡೀ ವೆಚ್ಚದ ಲೆಕ್ಕದಲ್ಲಿ ಕಲಿತದ್ದು ಅದನ್ನೇ: ಅಂದಾಜಿಗಿಂತ ಖರ್ಚು ಕಮ್ಮಿಯಾದರೆ ಅನುಕೂಲದ ವೇರಿಯನ್ಸ್, ಹೆಚ್ಚಾದರೆ ಪ್ರತಿಕೂಲದ್ದು.

“ನಗಬೇಡ್ರೋ” ಅಂದರು ಮೇಷ್ಟ್ರು. “ಹೆಸರು ಒಂದೇ, ಸಾಮಾನು ಬೇರೆ. ಸರಾಸರಿಗಿಂತ ಮೇಲಿದ್ದೋರು ಪ್ಲಸ್ಸು, ಕೆಳಗಿದ್ದೋರು ಮೈನಸ್ಸು. ಹಾಗೇ ಕೂಡಿಸಿದ್ರೆ ಒಂದನ್ನೊಂದು ತಿಂದು ಸೊನ್ನೆ ಆಗುತ್ತೆ ಕಣಮ್ಮ. ಅದಕ್ಕೇ ವರ್ಗ ಮಾಡೋದು. ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ಸೇ ತಾನೆ? ಇಲ್ಲಿ ಅನುಕೂಲವೂ ಇಲ್ಲ, ಪ್ರತಿಕೂಲವೂ ಇಲ್ಲ. ದೂರ ಮಾತ್ರ.”

ಮುಂದಿನ ಬೆಂಚಿನ ಮೈದುನನ ಕಣ್ಣು ಮಿನುಗಿತು. ಕಾಗದದ ಮೇಲೆ ಸರಸರ ಗೀಚಿ, ಮೆಲ್ಲಗೆ ಬಾಯಿಬಿಟ್ಟ.

“ಹಾಗಾದ್ರೆ ದಾರಿ ಸುಲಭ. ಮರುಪರೀಕ್ಷೆಯಲ್ಲಿ ನಮ್ಮಲ್ಲಿ ಒಬ್ಬರು ನಲವತ್ತು ತಗೊಂಡ್ರೆ ಸಾಕು, ಹರವು ಎರಡರಿಂದ ಆರು ದಾಟುತ್ತೆ. ಆತನ ಅನುಮಾನ ಹೋಗುತ್ತೆ, ಉಳಿದ ಹತ್ತು ಜನ ಪಾಸು.”

ಪಾಸಿಗೆ ಐವತ್ತು ಬೇಕು. ನಲವತ್ತು ಅಂದರೆ ಫೇಲು. ಎಲ್ಲರ ಕಣ್ಣುಗಳೂ ಒಂದೊಂದಾಗಿ ಒಂದೇ ಕಡೆ ತಿರುಗಿದವು. ಮೈದುನ ತಲೆ ತಗ್ಗಿಸಿಕೊಂಡು ಹೇಳಿದ: “ಅತ್ತಿಗೆ, ತಪ್ಪು ತಿಳ್ಕೋಬೇಡಿ. ನಿಮಗಾದ್ರೆ ಅಣ್ಣನ ದುಡಿಮೆ ಇದೆ. ಮುಂದಿನ ವರ್ಷ ಬರೆದ್ರೂ ನಡೆಯುತ್ತೆ. ನಮಗೆ ಹಾಗಲ್ಲವಲ್ಲ.”

ಅತ್ತಿಗೆಗೆ ಮೊದಲು ಬಂದದ್ದು ಅಳು. ಈ ಹುಡುಗನಿಗೆ ಬೆಳಿಗ್ಗೆ ಬೆಳಿಗ್ಗೆ ಡಬ್ಬಿ ಕಟ್ಟಿದವಳು, ಶರ್ಟಿಗೆ ಗುಂಡಿ ಹಾಕಿದವಳು ತಾನು. ಆಮೇಲೆ ಸಿಟ್ಟು ಬಂತು, ಅಳುವನ್ನು ಪಕ್ಕಕ್ಕೆ ತಳ್ಳಿಕೊಂಡೇ ಬಂತು.

“ನಾನ್ಯಾಕೆ ಬೀಳಬೇಕೋ?” ಅಂದಳು. ಮೇಷ್ಟ್ರ ಮನೆ ಅನ್ನುವುದೂ ಮರೆತುಹೋಯಿತು. “ನಿಮ್ಮಣ್ಣನ ದುಡಿಮೆ ನಿಮ್ಮಣ್ಣನದು. ನನ್ನ ಮೊಣಕಾಲು ನನ್ನದು! ಆ ಕಾಗದ ಇಲ್ಲಿ ಕೊಡು.”

ಕಸಿದುಕೊಂಡು ನೋಡಿದಳು. ಅವನ ಅಂಕಿಗಳ ಕೆಳಗೇ ಪೆನ್ನಿನಿಂದ ಗೀಟು ಎಳೆದಳು. “ಅರವತ್ತೆರಡರಲ್ಲಿ ಇಪ್ಪತ್ತೆರಡು ಕಳೆದು ನನ್ನನ್ನ ನಲವತ್ತಕ್ಕೆ ಇಳಿಸಿದ್ದೀಯ. ಸರಿ. ಅದೇ ಇಪ್ಪತ್ತೆರಡನ್ನ ಕೂಡಿಸಿದ್ರೆ? ಎಂಬತ್ತನಾಲ್ಕು. ದೂರ ಅಷ್ಟೇ, ವರ್ಗ ಮಾಡಿದ್ರೆ ಅಷ್ಟೇ, ಹರವೂ ಅಷ್ಟೇ! ಮೇಷ್ಟ್ರು ಈಗ ತಾನೇ ಹೇಳಿದ್ರಲ್ಲ, ಮೇಲೆ ಕೆಳಗೆ ಅದಕ್ಕೆ ಗೊತ್ತಾಗಲ್ಲ ಅಂತ. ಒಬ್ಬರು ಹತ್ತಿದ್ರೂ ಆಗೋ ಕೆಲಸಕ್ಕೆ ನಿನಗೆ ಬೀಳೋದೇ ಯಾಕೋ ಹೊಳೀತು? ಅದೂ ನಾನೇ ಬೀಳೋದು?”

ಮೈದುನ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಲೆಕ್ಕ ನೋಡಿದ.

“ಭಲೇ!” ಅಂದರು ಮೇಷ್ಟ್ರು ಮಂಚದ ಮೇಲಿಂದ.

“ಹಾಗಾದ್ರೆ... ನಾನು ಎಂಬತ್ತನಾಲ್ಕು ತಗೊಳ್ತೀನಿ” ಅಂದ ಮೈದುನ, ಸಣ್ಣ ದನಿಯಲ್ಲಿ.

“ತಗೋ. ನಾನೂ ತಗೊಳ್ತೀನಿ.”

“ಅಯ್ಯೋ ಅತ್ತಿಗೆ, ಎಲ್ಲರೂ ಹತ್ತಿದ್ರೆ ಹರವು ಮತ್ತೆ ಕಮ್ಮಿಯಾಗುತ್ತೆ! ಆತ ಬಿಡ್ತಾನಾ?”

“ಆಗಲಿ. ಅದು ಆತನ ತಲೆನೋವು. ಮಾಡದ ತಪ್ಪಿಗೆ ವೇಷ ಕಟ್ಟೋಕೆ ನಾನು ಒಲ್ಲೆ. ನಿಮ್ಮಲ್ಲಿ ಯಾರಿಗಾದ್ರೂ ಬೀಳೋ ಆಸೆ ಇದ್ರೆ ಈಗಲೇ ಹೇಳಿ, ನಿಮ್ಮ ಪುಣ್ಯ.”

ಯಾರೂ ಹೇಳಲಿಲ್ಲ. ಅವರವರ ಹೊಟ್ಟೆಪಾಡು ಅವರವರಿಗೆ. ಆವತ್ತಿಂದ ದಿನಾ ಸಂಜೆ ಮೇಷ್ಟ್ರ ಮಂಚದ ಸುತ್ತ ಕ್ಲಾಸು ನಡೆಯಿತು. ಮನೆಯಲ್ಲಿ ಅತ್ತೆಗೆ ಸುದ್ದಿ ಮುಟ್ಟಿದಾಗ ಅವರು ಕಿರಿಮಗನನ್ನು ಕರೆದು, “ಅನ್ನ ಹಾಕಿದ ಕೈಯನ್ನೇ ಕೆಳಗೆ ಎಳೀತೀಯೇನೋ? ಇನ್ನು ನಿನ್ನ ಡಬ್ಬಿ ನೀನೇ ಕಟ್ಕೋ” ಅಂದರು. ಮರುದಿನದಿಂದ ಅವನೇ ಕಟ್ಟಿಕೊಂಡ. ಅತ್ತಿಗೆಗೆ ವರ್ಗಮೂಲ ಕೈಕೊಟ್ಟಾಗಲೆಲ್ಲ ಅವನೇ ಪಕ್ಕದಲ್ಲಿ ಕೂತು ತಿದ್ದಿದ. ಇಬ್ಬರೂ ಲೆಕ್ಕ ಬಿಟ್ಟು ಬೇರೆ ಮಾತಾಡಲಿಲ್ಲ.

ಮರುಪರೀಕ್ಷೆಯ ದಿನ ಅಧಿಕಾರಿ ಮೇಜುಗಳನ್ನು ಗೋಡೆಯಿಂದ ಗೋಡೆಗೆ ದೂರದೂರ ಹಾಕಿಸಿದ್ದ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಪ್ರಶ್ನೆಪತ್ರಿಕೆ. ಮುಗಿಯುವ ತನಕ ಸಾಲಿನ ನಡುವೆ ಬೂಟು ಟಕಟಕ ಅನ್ನಿಸಿಕೊಂಡು ಓಡಾಡಿದ. ಅತ್ತಿಗೆಯ ಬೆನ್ನ ಹಿಂದೆ ಸ್ವಲ್ಪ ಹೆಚ್ಚೇ ನಿಂತ. ನಿಲ್ಲಲಿ ಬಿಡು, ನಿಲ್ಲೋದು ಎಷ್ಟು ಕಷ್ಟ ಅಂತ ಅವನಿಗೂ ತಿಳೀಲಿ ಅಂದುಕೊಂಡು ಅವಳು ಬರೆದಳು.

ಫಲಿತಾಂಶದ ದಿನ ಹನ್ನೊಂದೂ ಜನ ಮತ್ತೆ ಅದೇ ಕೋಣೆಯಲ್ಲಿ ನಿಂತರು. ಅಧಿಕಾರಿಯ ಮುಂದೆ ಸರ್ಟಿಫಿಕೇಟುಗಳ ಕಟ್ಟು ಇತ್ತು, ಸಹಿಯ ಜಾಗ ಖಾಲಿ ಇತ್ತು. ಅತ್ತಿಗೆಗೆ ಎಂಬತ್ತಮೂರು, ಮೈದುನನಿಗೆ ತೊಂಬತ್ತು. ಉಳಿದವರೆಲ್ಲ ಆ ನಡುವೆಯೇ. ಆತ ಲೆಕ್ಕ ಮಾಡಿದ, ಅಳಿಸಿದ, ಮತ್ತೆ ಮಾಡಿದ.

“ಸರಾಸರಿ ಎಂಬತ್ತಾರು” ಅಂದ. “ಡೀವಿಯೇಶನ್ ಮತ್ತೆ ಎರಡೇ. ಇದು ಹೇಗೆ ಸಾಧ್ಯ? ಹನ್ನೊಂದು ಜನರಲ್ಲಿ ಒಬ್ಬರಾದ್ರೂ ಬೀಳಬೇಕಿತ್ತಲ್ಲ!”

ಮೈದುನ ನೆಲ ನೋಡಿದ. ಅತ್ತಿಗೆ ಮುಂದೆ ಬಂದು, ಮೇಜಿನ ಮೇಲೆ ಉರುಳುತ್ತಿದ್ದ ಪೆನ್ನನ್ನು ಹಿಡಿದು ಆತನ ಕೈಗೆ ಕೊಟ್ಟಳು.

“ಬೀಳೋದಕ್ಕೆ ಯಾರೂ ಒಪ್ಪಲಿಲ್ಲ ಸರ್. ಸಹಿ ಹಾಕಿ.”